ಮೂರು ಕಾಲಿನ ಒಳ್ಳು

ನಾನು ಒಂದು ಒಳ್ಳು. ಖಾರ ಕುಟ್ಟುವ, ಚಟ್ನಿ ಅರೆಯುವ ಕಲ್ಲು. ನಮ್ಮ ಕಡೆಯ ಒಳ್ಳುಗಳಿಗೆ ಕಾಲಿರುವುದಿಲ್ಲ; ಅವು ನೆಲಕ್ಕೆ ಅಂಟಿಕೊಂಡು ಕೂರುತ್ತವೆ. ನನಗೆ ಮೂರು ಕಾಲುಗಳಿವೆ. ಯಾಕೆ ಎಂದು ಹೇಳುವ ಮೊದಲು ನನ್ನ ಹುಟ್ಟಿನ ವಿಷಯ ಹೇಳಬೇಕು. ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ನಾನು ಎರಡು ಸಲ ಹುಟ್ಟಿದ್ದೇನೆ. ಮೊದಲ ಸಲ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ನೆಲ ಬಿರಿದು ಲಾವಾ ಉಕ್ಕಿ ಹರಿದು ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದಾಗ. ಆ ಲಾವಾದೊಳಗೆ ಅನಿಲವಿತ್ತು. ಹೊರಗೆ ಬರಲು ಅದು ಮೇಲೇರುತ್ತಿದ್ದಾಗಲೇ ಸುತ್ತಲಿನ ದ್ರವ ತಣಿದು ಕಲ್ಲಾಯಿತು. ಅನಿಲ ಹೋಯಿತು, ಅದು ಕುಳಿತಿದ್ದ ಜಾಗ ಉಳಿಯಿತು. ಹಾಗಾಗಿ ನನ್ನ ಮೈಯೆಲ್ಲ ಸಣ್ಣ ಗುಳಿಗಳು. ಕೆಲವು ಸಾಸಿವೆಯಷ್ಟು, ಕೆಲವು ರಾಗಿಗಿಂತಲೂ ಚಿಕ್ಕವು. ಖಾರ ಅರೆಯಲು ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಸವೆದಂತೆಲ್ಲ ಬಹಳ ವರ್ಷ ಒಳಗಿನಿಂದ ಹೊಸ ಗುಳಿಯ ಅಂಚು ಬಾಯಿ ತೆರೆಯುತ್ತದೆ. ಆದರೆ ಗುಳಿಯಿರುವ ಕಲ್ಲು ಕುಡಿಯುತ್ತದೆ. ಈ ಮಾತನ್ನು ನೆನಪಿಡಿ.

ಎರಡನೆಯ ಸಲ ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯಲ್ಲಿ, ಡೋಣಿ ನದಿಗೆ ಒಂದು ಹರದಾರಿ ದೂರದ ಊರಿನಲ್ಲಿ, ದ್ಯಾಮವ್ವ ಎಂಬ ಹೆಂಗಸಿನ ಅಂಗಳದಲ್ಲಿ. ಬೇವಿನ ಮರದ ನೆರಳಿನಲ್ಲಿ ಅವಳು ಕುಕ್ಕರಗಾಲಲ್ಲಿ ಕೂತು ಉಳಿ ಹಿಡಿದಿದ್ದಳು. ನಾನು ಮೊದಲು ಕೇಳಿದ್ದು ಎರಡು ಸದ್ದು. ಒಂದು ಉಳಿಯದು. ಇನ್ನೊಂದು ಕೆಮ್ಮು. ಕೆಮ್ಮುತ್ತಿದ್ದವನು ಅವಳ ಗಂಡ ಯಂಕಪ್ಪ, ಮರಕ್ಕೆ ಒರಗಿ ಕೂತಿದ್ದ. ಎರಡು ಚಿಕ್ಕ ಕೆಮ್ಮು, ಆಮೇಲೆ ಒಳಗೆ ಏನೋ ಹರಿದಂತೆ ಒಂದು ಉದ್ದನೆಯ ಎಳೆತ. ಉಳಿಯ ಏಟು ನಿಂತಾಗಲೆಲ್ಲ ಅದು ಕೇಳುತ್ತಿತ್ತು. ಅವನು ಎಂಟು ವರ್ಷ ದೂರದ ಕ್ರಷರ್‌ನಲ್ಲಿ ಗ್ರಾನೈಟ್ ಪುಡಿ ಮಾಡಿದವನು. ಗ್ರಾನೈಟು ನನ್ನ ಜಾತಿಯದಲ್ಲ. ಅದರಲ್ಲಿ ಬೆಣಚು ಹೆಚ್ಚು. ಬೆಣಚಿನ ಧೂಳು ಕಣ್ಣಿಗೆ ಕಾಣದಷ್ಟು ನುಣ್ಣಗಾಗಿ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಮೇಲೆ ಬರುವುದಿಲ್ಲ. ಅಲ್ಲೇ ಕೂತು ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ, ಉಸಿರಿನ ಜಾಗವನ್ನು ಕಲ್ಲು ಮಾಡುತ್ತದೆ.

ನನ್ನ ಚಿತ್ರವನ್ನು ಕಾಗದದ ಮೇಲೆ ಬರೆದು ಕೊಟ್ಟವನು ವಿಲ್ಫ್ರೆಡ್. ಮಂಗಳೂರು ಕಡೆಯವನು, ಬಹಳ ವರ್ಷ ಹಡಗಿನಲ್ಲಿ ಅಡುಗೆ ಮಾಡಿ ಈಗ ಬೆಂಗಳೂರಿನ ಒಂದು ದೊಡ್ಡ ಮೆಕ್ಸಿಕನ್ ಹೋಟೆಲಿನ ಮುಖ್ಯ ಬಾಣಸಿಗ. ವಿಜಯಪುರಕ್ಕೆ ಯಾವುದೋ ಮದುವೆಗೆ ಬಂದವನು ಸಂತೆಯಲ್ಲಿ ದ್ಯಾಮವ್ವನ ಒಳ್ಳುಗಳನ್ನು ನೋಡಿದ. ಒಂದರ ಬಾಯೊಳಗೆ ಬೆರಳಾಡಿಸಿದವನು ಅಲ್ಲೇ ನಿಂತುಬಿಟ್ಟನಂತೆ. ಮೆಕ್ಸಿಕೋ ದೇಶದ ಮಂದಿ ಚಟ್ನಿ ಅರೆಯುವುದೂ ಇಂಥದೇ ಗುಳಿಯ ಕರಿಗಲ್ಲಿನಲ್ಲಿ, ಅದಕ್ಕೆ ಮೂರು ಕಾಲಿರುತ್ತವೆ ಅಷ್ಟೆ, ಎಂದ. ಕಾಲಿಟ್ಟು ಒಂದು ಮಾಡಿಕೊಡಿ, ನಮ್ಮ ಮೇಡಂ ಒಪ್ಪಿದರೆ ಮೂರು ಹೋಟೆಲಿಗೆ ಅರವತ್ತು ಬೇಕಾಗುತ್ತದೆ ಎಂದ.

ದ್ಯಾಮವ್ವ ಕಲ್ಲಿಗೆ ಕಾಲು ಕಡಿದವಳಲ್ಲ. ಮೊದಲ ಕಲ್ಲಿನ ಕಾಲು ಬುಡದಲ್ಲೇ ಮುರಿಯಿತು. ಎರಡನೆಯದು ಕೊನೆಯ ದಿನ ಸೀಳಿತು. ನಾನು ಮೂರನೆಯವ. ನನ್ನನ್ನು ಕಡಿಯುವಾಗ ಅವಳು ಒಂದೊಂದು ಏಟಿನ ಮುಂಚೆಯೂ ಹೆಬ್ಬೆರಳಿನಿಂದ ಗುಳಿಗಳ ಸಾಲು ನೋಡಿಕೊಳ್ಳುತ್ತಿದ್ದಳು. ಮುಗಿದ ದಿನ ಯಂಕಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಗೆಣ್ಣಿನಿಂದ ಬಡಿದ.

"ಗಂಟಿ ನುಡದಂಗ ನುಡೀತೈತಿ ನೋಡು. ಎಲ್ಲೂ ಬಿರುಕಿಲ್ಲ."

"ನಿನ್ನ ಕಿವಿ ಅಷ್ಟ ಛಲೋ ಉಳದಾವ," ಎಂದಳು ದ್ಯಾಮವ್ವ.

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದ: "ಲಸಮಿನ ಕ್ರಷರ್‌ಗೆ ಕಳಸಬ್ಯಾಡ. ಈ ಕೆಲಸದಾಗರ ಆಕಿನ ಉಳಸ್ಕೊ."

ಲಸಮವ್ವ ಅವರ ಒಬ್ಬಳೇ ಮಗಳು. ಮಿಕ್ಸರುಗಳು ಬಂದ ಮೇಲೆ ಒಳ್ಳು, ಬೀಸುಕಲ್ಲು ಕೇಳುವವರು ಕಡಿಮೆಯಾಗಿ, ಕಲ್ಲು ಕಡಿಯುವವರ ಆ ಓಣಿಯ ಆರು ಮನೆಗಳಲ್ಲಿ ನಾಲ್ಕು ಆಗಲೇ ಕ್ರಷರ್‌ಗೆ ಹೋಗಿದ್ದವು. ಲಸಮವ್ವನೂ ಅವಳ ಗಂಡನೂ ಈ ಸಲ ಹೋಗುವವರಿದ್ದರು. ಜನರನ್ನು ಕರೆದೊಯ್ಯುವ ಟೆಂಪೊ ಸೋಮವಾರ ಬೆಳಿಗ್ಗೆ ಬರುವುದಿತ್ತು. ಬೆಂಗಳೂರಿನ ಹೋಟೆಲಿನಲ್ಲಿ ನನ್ನನ್ನು ನೋಡುವುದು ಭಾನುವಾರ ಮಧ್ಯಾಹ್ನ ಎಂದು ಗೊತ್ತಾಗಿತ್ತು. ದ್ಯಾಮವ್ವ ಮಗಳಿಗೆ ಹೇಳಿದ್ದು ಇಷ್ಟೇ: "ಆಯ್ತವಾರ ಉಣ್ಣೂ ಹೊತ್ತಿಗೆ ಫೋನ್ ಮಾಡ್ತೀನಿ. ಅಲ್ಲೀತನಕ ಗಂಟು ಕಟ್ಟಬ್ಯಾಡ. ಅರವತ್ತು ಕಲ್ಲಂದ್ರ ನಾವು ಮೂವರು ಕೂತು ಕಡದ್ರೂ ವರ್ಷ ಹಿಡೀತೈತಿ."

ಹೊಸ ಒಳ್ಳನ್ನು ಹಾಗೆಯೇ ಬಳಸುವಂತಿಲ್ಲ. ಉಳಿಯ ಏಟಿಗೆ ಸಡಿಲಾದ ಹರಳುಗಳು ಅರೆದದ್ದರಲ್ಲಿ ಬೆರೆತು ಹಲ್ಲಿಗೆ ಸಿಗುತ್ತವೆ. ದ್ಯಾಮವ್ವ ನನ್ನಲ್ಲಿ ಮೊದಲು ಜೋಳದ ತೌಡು ಅರೆದಳು, ಆಮೇಲೆ ನುಚ್ಚು, ಆಮೇಲೆ ಉಪ್ಪು, ಆಮೇಲೆ ಅಕ್ಕಿ. ಮೊದಲ ದಿನ ಹಿಟ್ಟು ಬೂದಿ ಬಣ್ಣಕ್ಕೆ ಬಂತು. ಏಳನೆಯ ದಿನ ಹಾಲಿನಂತೆ ಬೆಳ್ಳಗಿತ್ತು. ಪ್ರತಿ ಸಲವೂ ನನ್ನನ್ನು ತೊಳೆದದ್ದು ಬರೀ ನೀರು ಮತ್ತು ತೆಂಗಿನ ನಾರಿನಿಂದ.

ಅವರ ಮನೆತನದಲ್ಲಿ ಇನ್ನೊಂದು ರೂಢಿಯಿತ್ತು. ಕಲ್ಲು ಕೊಂಡವರ ಮನೆಯಲ್ಲಿ, ಅವರ ಕಣ್ಣೆದುರಿಗೆ, ಅದರಲ್ಲಿ ಅರೆದದ್ದರ ಮೊದಲ ತುತ್ತನ್ನು ಕಡಿದವರೇ ತಿನ್ನಬೇಕು. ಹಲ್ಲಿಗೆ ಹರಳು ಸಿಕ್ಕರೆ ಕಲ್ಲು ವಾಪಸು. ಆ ತುತ್ತಿಗಿಂತ ಮುಂಚೆ ಕೊಂಡವರು ಆ ಕಲ್ಲಲ್ಲಿ ಬೇರೇನೂ ಅರೆಯುವಂತಿಲ್ಲ. ವಿಲ್ಫ್ರೆಡ್ ನನ್ನನ್ನು ಎರಡು ದಿನ ಮೊದಲೇ ಬಸ್ಸಿನ ಪಾರ್ಸೆಲಿನಲ್ಲಿ ಕಳಿಸಲು ಹೇಳಿದಾಗ ದ್ಯಾಮವ್ವ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದಳು: "ನಾ ಬರೂತನಕ ಅದರಾಗ ಏನೂ ಅರೀಬ್ಯಾಡ್ರಿ ಸಾಹೇಬ್ರ. ಮದಲಿನ ತುತ್ತು ನಂದು."

"ಇಲ್ಲ ಅಮ್ಮ, ಮುಟ್ಟುವುದಿಲ್ಲ. ಬರೀ ತೊಳೆದು ಇಡ್ತೇನೆ," ಎಂದ ವಿಲ್ಫ್ರೆಡ್.

ಹೇಗೆ ತೊಳೆಯುತ್ತೀರಿ ಎಂದು ಅವಳು ಕೇಳಲಿಲ್ಲ. ಕಲ್ಲಿಗೆ ಸಾಬೂನು ಹಾಕಬಾರದು ಎಂದು ಯಾರಿಗಾದರೂ ಹೇಳಬೇಕಾದೀತು ಎಂದು ಅವಳಿಗೆ ಹೊಳೆಯಲೇ ಇಲ್ಲ.

ವಿಲ್ಫ್ರೆಡ್ ಕೆಟ್ಟವನಲ್ಲ, ಅತಿ ಎಚ್ಚರದ ಮನುಷ್ಯ. ಅಡುಗೆಮನೆಯ ಗೋಡೆಗೆ ಅವನು ಒಂದು ಹಾಳೆ ತೂಗುಹಾಕಿದ್ದ. ಯಾವ ಪಾತ್ರೆ ಯಾವಾಗ ತೊಳೆದದ್ದು, ಯಾವ ನೀರು, ಎಷ್ಟು ಬಿಸಿ, ಎಲ್ಲವನ್ನೂ ಅದರಲ್ಲಿ ಬರೆದು ಸಹಿ ಮಾಡುತ್ತಿದ್ದ. ಹಿಂದಿನ ತಿಂಗಳು ಅಲ್ಲಿ ಊಟ ಮಾಡಿದ ಒಂದು ಕುಟುಂಬಕ್ಕೆ ಹೊಟ್ಟೆ ಕೆಟ್ಟಿತ್ತು. ಹೋಟೆಲಿನ ಒಡತಿ ನಿರುಪಮಾ ಮೇಡಂ ಅವನನ್ನು ಕರೆದು, ಅಡುಗೆಮನೆಯಿಂದ ಇನ್ನೊಂದು ತಪ್ಪಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಹಳ್ಳಿಯ ಅಂಗಳದ ಮಣ್ಣಿನಿಂದ ಬಂದ ನನ್ನನ್ನು ನೋಡಿದಾಗ ಅವನಿಗೆ ಕಂಡದ್ದು ನನ್ನ ಗುಳಿಗಳಲ್ಲ, ಗುಳಿಗಳೊಳಗೆ ಇರಬಹುದಾದ ಕ್ರಿಮಿಗಳು. ಹಡಗಿನಲ್ಲಿ ಇಂಥ ಕಲ್ಲುಗಳನ್ನು ಮೇಜಿನ ಮೇಲೆ ಬರೀ ಅಂದಕ್ಕೆ ಇಡುತ್ತಿದ್ದರು, ಒಳಗೊಂದು ಗಾಜಿನ ಬಟ್ಟಲಿಟ್ಟು. ಕಲ್ಲಲ್ಲೇ ಅರೆದು ಬಡಿಸಿದ ಅನುಭವ ಅವನಿಗಿರಲಿಲ್ಲ.

ಹಾಗಾಗಿ ಅವನು ನನ್ನನ್ನು ಕುದಿನೀರಿನ ತೊಟ್ಟಿಯಲ್ಲಿ, ದಪ್ಪ ಸಾಬೂನು ದ್ರಾವಣದಲ್ಲಿ, ಇಡೀ ಒಂದು ದಿನ ಮುಳುಗಿಸಿಟ್ಟ. ನಾನು ಕುಡಿದೆ. ಬಿಸಿಗೆ ನನ್ನೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಯಿತು. ನೀರು ಆರುತ್ತ ಬಂದಾಗ ಅದು ಬಿಟ್ಟ ಜಾಗಕ್ಕೆ ಸಾಬೂನು ನೀರು ಒಳಗಿಳಿಯಿತು. ಮೇಲ್ಮೈಯ ಗುಳಿಗಳಿಂದ ಒಳಗಿನ ಗುಳಿಗಳಿಗೆ, ಕೂದಲೆಳೆಯಷ್ಟು ಸಣ್ಣ ದಾರಿಗಳಲ್ಲಿ. ಮರುದಿನ ಯಂತ್ರದೊಳಗಿಟ್ಟು ಹಬೆ ಕೊಟ್ಟು ಒಣಗಿಸಿದ. ನೀರು ಹೋಯಿತು, ಸಾಬೂನು ಉಳಿಯಿತು. ಹೊರಗಿನಿಂದ ನಾನು ಹೊಸದಾಗಿ ಹೊಳೆಯುತ್ತಿದ್ದೆ. ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ವಿಲ್ಫ್ರೆಡ್ ಎರಡು ಸಲ ಸಹಿ ಮಾಡಿದ.

ಭಾನುವಾರ ಮಧ್ಯಾಹ್ನ ನನ್ನನ್ನು ಮಹಡಿಯ ಮೇಲಿನ ಊಟದ ಕೋಣೆಗೆ ಒಯ್ದರು. ಹಳೆಯ ಬಂಗಲೆ, ಎತ್ತರದ ಕಿಟಕಿಗಳು, ಕುಂಡಗಳಲ್ಲಿ ಕಳ್ಳಿ ಗಿಡಗಳು, ತೊಲೆಯಿಂದ ಇಳಿಬಿಟ್ಟ ಒಣ ಮೆಕ್ಕೆಜೋಳದ ತೆನೆಗಳು. ಕಿಟಕಿಯ ಪಕ್ಕದ ಮೇಜಿನಲ್ಲಿ ದ್ಯಾಮವ್ವ ಕೂತಿದ್ದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಕುರ್ಚಿಯ ತುದಿಯಲ್ಲಿ ಕೂತು ಕಾಲಬೆರಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು. ಎದುರಿಗೆ ನಿರುಪಮಾ ಮೇಡಂ. ಬೂದು ಕೂದಲು, ಮೆಲು ದನಿ, ಮಣಿಕಟ್ಟಿನ ಗಡಿಯಾರದ ಕಡೆ ಆಗಾಗ ಹೋಗುವ ಕಣ್ಣು. ಎರಡು ಗಂಟೆಗೆ ಅವರು ಇನ್ನೆಲ್ಲಿಗೋ ಹೋಗಬೇಕಿತ್ತು.

"ಊಟ ಮಾಡ್ಕೊಂಡೇ ಮಾತಾಡೋಣ ಅಮ್ಮಾ. ಸಂಕೋಚ ಬೇಡ," ಎಂದರು ಮೇಡಂ.

ಮೊದಲು ಬಂದದ್ದು ಮೆಕ್ಕೆಜೋಳದ ಚಿಕ್ಕ ರೊಟ್ಟಿಗಳು, ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಬುಟ್ಟಿಯಲ್ಲಿ. ದ್ಯಾಮವ್ವ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಯಾರ ಪಾಲಿಂದ್ರಿ, ಕೂಸುಗಳದ್ದೇನು?"

ಮೇಡಂ ನಕ್ಕರು. "ಇಲ್ಲಮ್ಮಾ, ನಮ್ಮದೇ. ಹೇಗಿದೆ?"

"ರುಚಿ ಐತ್ರಿ ಅಕ್ಕಾರ. ಬಡದಾಕಿಗೆ ಇನ್ನಷ್ಟು ಕೈ ಕೂಡ್ಬೇಕು. ಅಂಚು ದಪ್ಪ ಆಗೈತಿ."

"ಬಡಿಯೋದಿಲ್ಲಮ್ಮಾ, ಮಷಿನ್‌ನಲ್ಲಿ ಒತ್ತೋದು."

"ಹೌದ? ಮತ್ತ ಮಷಿನ್‌ಗೆ ಹೇಳ್ರಿ."

ವಿಲ್ಫ್ರೆಡ್ ಕೂಡ ನಕ್ಕುಬಿಟ್ಟ. ಆ ಕ್ಷಣ ಎಲ್ಲವೂ ಸರಿಯಾಗುವಂತೆ ಕಂಡಿತು. ಕೆಂಪು ಮೆಣಸಿನ ಚಟ್ನಿ ಬಂತು. ಒಣಮೆಣಸು, ಎಳ್ಳು, ಕೋಕೋ ಹಾಕಿ ಕುದಿಸಿದ ಕಪ್ಪು ಸಾರಿನಲ್ಲಿ ಕೋಳಿ ಬಂತು. ದ್ಯಾಮವ್ವ ಅದನ್ನು ನೆಕ್ಕಿ ನೋಡಿ, "ಗುರೆಳ್ಳು ಹಾಕಿದ್ರ ಇನ್ನೂ ಮಜಾ ಬರ್ತಿತ್ತು" ಎಂದಳು. ಮೇಡಂ ಅದನ್ನು ಫೋನಿನಲ್ಲಿ ಬರೆದುಕೊಂಡರು. ದ್ಯಾಮವ್ವ ನನ್ನ ಕಡೆ ನೋಡಿದಳು. ಊರಿಂದ ತಂದ ಮಗುವನ್ನು ದೊಡ್ಡವರ ಮನೆಯಲ್ಲಿ ಕೂರಿಸಿ, ಹೆದರಬೇಡ ಎಂದು ಕಣ್ಣಲ್ಲೇ ಹೇಳುವಂತೆ.

ನನಗೆ ಗೊತ್ತಿತ್ತು. ಆ ಮೇಜಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನ ಒಂದೊಂದು ಗುಳಿಯಲ್ಲೂ ಸಾಬೂನು ಕೂತಿತ್ತು. ಮೈತುಂಬ ಬಾಯಿಗಳಿದ್ದೂ ನನ್ನಿಂದ ಒಂದು ಮಾತು ಹೊರಡಲಿಲ್ಲ. ಯಾರಾದರೂ ಕೈತಪ್ಪಿ ನನ್ನನ್ನು ಕೆಡವಲಿ, ಮುರಿದುಹೋಗುತ್ತೇನೆ, ಆಗಲಾದರೂ ಇನ್ನೊಂದು ಕಲ್ಲು ಕಡಿಸಿ ನೋಡಿಯಾರು ಎಂದು ಹಂಬಲಿಸಿದೆ. ಮೂರು ಕಾಲಿನ ವಸ್ತು ಅಲುಗಾಡುವುದಿಲ್ಲ. ನೆಲ ಹೇಗಿದ್ದರೂ ಮೂರೂ ಕಾಲು ಊರಿಕೊಳ್ಳುತ್ತವೆ. ದ್ಯಾಮವ್ವ ನನ್ನನ್ನು ಅಷ್ಟು ಚೆನ್ನಾಗಿ ಕಡಿದಿದ್ದಳು.

ವಿಲ್ಫ್ರೆಡ್ ಬೆಣ್ಣೆಹಣ್ಣಿನ ತಿರುಳು ತೋಡಿ ನನ್ನ ಬಾಯಿಗೆ ಹಾಕಿದ. ಹಸಿಮೆಣಸು, ಈರುಳ್ಳಿ, ಕೊತ್ತಂಬರಿ, ಉಪ್ಪು, ನಿಂಬೆರಸ. ಅರೆಯುವ ಗುಂಡುಕಲ್ಲಿನಿಂದ ಮೆಲ್ಲಗೆ ಅರೆದ. ಸಾಬೂನಿನ ಕಣದ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಕೊಬ್ಬನ್ನು. ಬೆಣ್ಣೆಹಣ್ಣಿನಲ್ಲಿ ಎರಡೂ ಇವೆ. ಗುಂಡಿನ ಪ್ರತಿ ಸುತ್ತಿಗೂ ನನ್ನ ಒಳಗಿನಿಂದ ಸಾಬೂನು ಎದ್ದು ಆ ಹಸಿರಿನೊಳಗೆ ಸೇರುವುದು ನನಗೆ ತಿಳಿಯುತ್ತಿತ್ತು. ತಡೆಯಲು ಆಗಲಿಲ್ಲ.

"ಮೇಡಂ, ಅವರಲ್ಲಿ ಒಂದು ಕ್ರಮ ಉಂಟು. ಮೊದಲ ತುತ್ತು ಕಲ್ಲು ಕಡಿದವರಿಗೆ," ಎಂದ ವಿಲ್ಫ್ರೆಡ್.

"ಓ, ಎಷ್ಟು ಚೆನ್ನಾಗಿದೆ! ತಗೊಳ್ಳಿ ಅಮ್ಮಾ."

ದ್ಯಾಮವ್ವ ಕಣ್ಣು ಮುಚ್ಚಿ ತುತ್ತನ್ನು ಬಾಯಿಗಿಟ್ಟಳು. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದಳು, ಮುಂದಿನ ಹಲ್ಲುಗಳ ನಡುವೆ ತಂದು ಹುಡುಕಿದಳು. ಹರಳು ಇರಲಿಲ್ಲ. ಅವಳು ಹುಡುಕಿದ್ದು ಹರಳನ್ನು. ಕಹಿ ಅವಳಿಗೆ ತಿಳಿಯದೆ ಇರಲಿಲ್ಲ. ಒಂದು ಕ್ಷಣ ಹುಬ್ಬು ಕೂಡಿದವು. ಆದರೆ ಅವಳು ಹುಟ್ಟಿದಾರಭ್ಯ ಬೆಣ್ಣೆಹಣ್ಣು ತಿಂದವಳಲ್ಲ. ನೋಡಲೂ ಅದು ಸಾಬೂನಿನಂತೆಯೇ ನುಣ್ಣಗಿತ್ತು. ದೊಡ್ಡವರ ಊಟ, ದೂರದ ದೇಶದ ಹಣ್ಣು, ಇದರ ರುಚಿಯೇ ಹೀಗಿರಬೇಕು ಎಂದುಕೊಂಡು ನುಂಗಿದಳು. ಮುಖ ಅರಳಿಸಿ, "ಹರಳಿಲ್ರಿ ಅಕ್ಕಾರ. ಭಾಳ ಛಲೋ ಆಗೈತಿ," ಎಂದಳು.

ಮೇಡಂ ಒಂದು ಚಮಚ ತೆಗೆದುಕೊಂಡರು. ಬಾಯಿಗಿಟ್ಟವರೇ ನಿಂತರು. ಕರವಸ್ತ್ರವನ್ನು ತುಟಿಗೆ ಒತ್ತಿ ಹಿಡಿದು ಉಗುಳಿದರು, ಎರಡು ಗುಟುಕು ನೀರು ಕುಡಿದರು.

"ವಿಲ್ಫ್ರೆಡ್, ಇದರಲ್ಲಿ ಏನೋ ಕೆಮಿಕಲ್ ಇದೆ."

ವಿಲ್ಫ್ರೆಡ್ ಚಮಚದ ತುದಿಯಲ್ಲಿ ಮುಟ್ಟಿ ನೋಡಿದ. ಚಮಚವನ್ನು ತಟ್ಟೆಯ ಪಕ್ಕಕ್ಕೆ ಮೆಲ್ಲಗೆ ಇಟ್ಟ.

ಮೇಡಂ ದ್ಯಾಮವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಅಮ್ಮಾ, ನಿಜವಾಗಿ ಹೇಳಿ. ನಿಮಗೆ ಇದು ಚೆನ್ನಾಗಿದೆ ಅನ್ನಿಸ್ತಾ?"

ಏನೋ ತಪ್ಪಾಗಿದೆ ಎಂದು ದ್ಯಾಮವ್ವನಿಗೆ ತಿಳಿಯಿತು. ಏನೆಂದು ತಿಳಿಯಲಿಲ್ಲ. ಅವರ ಮನೆಯ ಊಟವನ್ನು ಕೆಟ್ಟದ್ದು ಎಂದು ಹೇಗೆ ಹೇಳುವುದು? "ಹೌದ್ರಿ, ಛಲೋ ಐತ್ರಿ," ಎಂದಳು ಮತ್ತೆ.

ಆ ಎರಡನೆಯ ‘ಛಲೋ’ ನನ್ನನ್ನು ಮುಗಿಸಿತು. ಮೇಡಂ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಈಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಅವರು ತೀರ್ಮಾನಿಸಿದ್ದು ಆಗಲೇ. "ಈ ಕಲ್ಲಿನಿಂದಲೇ ಏನೋ ಬಿಡ್ತಿದೆ ವಿಲ್ಫ್ರೆಡ್. ಗೆಸ್ಟ್‌ಗಳಿಗೆ ಕೊಡೋ ಹಾಗಿಲ್ಲ. ಅಮ್ಮಾ, ತಪ್ಪು ತಿಳ್ಕೋಬೇಡಿ, ಕೆಲಸ ತುಂಬಾ ಚೆನ್ನಾಗಿದೆ. ಊಟ ಪೂರ್ತಿ ಮಾಡ್ಕೊಂಡು ಹೋಗಿ." ಕೈ ಮುಗಿದರು, ಎದ್ದರು. ಬಾಗಿಲ ಬಳಿಯ ಮೇಜಿನಲ್ಲಿ ಪರಿಚಿತರು ಯಾರೋ ಸಿಕ್ಕು ಅಲ್ಲಿ ನಿಂತರು.

ದ್ಯಾಮವ್ವನ ಸೆರಗಿನ ಗಂಟಿನಲ್ಲಿದ್ದ ಫೋನು ಬಡಿದುಕೊಂಡಿತು.

"ಉಣ್ಣಾಕತ್ತೀನಿ ಲಸಮಿ... ಇನ್ನೂ ಹೇಳಿಲ್ಲ. ಗಂಟು ಕಟ್ಟಬ್ಯಾಡ ಅಂದೀನಲ್ಲ. ಇಡು."

ಫೋನನ್ನು ಮತ್ತೆ ಗಂಟಿಗೆ ಸೇರಿಸಿದಳು. ಮೇಜಿನ ಮೇಲೆ ಸಿಪ್ಪೆಯೊಂದಿಗೆ ಬೆಣ್ಣೆಹಣ್ಣಿನ ಒಂದು ಹೋಳು ಉಳಿದಿತ್ತು. ಸುಮ್ಮನೆ, ಏನು ಮಾಡಬೇಕೆಂದು ತೋಚದೆ, ಅದನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿಯುವುದನ್ನು ನಿಲ್ಲಿಸಿದಳು. ಹಣ್ಣಿನಲ್ಲಿ ಕಹಿ ಇರಲಿಲ್ಲ.

ಬಗ್ಗಿ ನನ್ನನ್ನು ಮೂಸಿದಳು. "ಸಾಹೇಬ್ರ, ಒಂದ ಹಿಡಿ ಅಕ್ಕಿ ತರ್ರಿ. ಲಗೂನ."

ಅವನು ತಂದ. ಅವಳು ಹಸಿರನ್ನೆಲ್ಲ ಬಳಿದು ತೆಗೆದು, ಅಕ್ಕಿ ಹಾಕಿ, ನೀರು ಚಿಮುಕಿಸಿ, ಎರಡೂ ಕೈಯಿಂದ ಗುಂಡು ಒತ್ತಿ ತಿರುವಿದಳು. ಅಕ್ಕಿಯ ಅಂಚಿನಲ್ಲಿ ಬಿಳಿ ನೊರೆ ಕಟ್ಟಿತು. ಇನ್ನೊಂದು ಸುತ್ತು. ನೊರೆ ಉಬ್ಬಿ ನನ್ನ ತುಟಿಗೆ ಬಂತು.

"ಸಾಬಾಣ!" ಎಂದಳು ದ್ಯಾಮವ್ವ. "ನನ್ನ ಕಲ್ಲಿಗೆ ಸಾಬಾಣ ಕುಡಿಸ್ಯಾರ!"

ಅವಳು ಬಾಗಿಲ ಕಡೆ ನೋಡಿದಳು. ಮೇಡಂ ಮಾತು ಮುಗಿಸಿ ಮೆಟ್ಟಿಲಿಗೆ ಕಾಲಿಡುತ್ತಿದ್ದರು. ಏಳಲು ಹೋದವಳ ತೋಳನ್ನು ವಿಲ್ಫ್ರೆಡ್ ಹಿಡಿದ.

"ಈಗ ಬೇಡ ಅಮ್ಮ. ಗೆಸ್ಟ್ ಇದ್ದಾರೆ. ನಾನು ಹೇಳ್ತೇನೆ."

"ನೀವ ತೊಳದಿರೇನ್ರಿ?"

ಅವನು ನೊರೆಯನ್ನು ನೋಡುತ್ತ ನಿಂತ. ಮೇಡಂ ಕಾರಿನ ಬಾಗಿಲು ಕೆಳಗೆ ಮುಚ್ಚಿದ ಸದ್ದಾಯಿತು.

"ಸಂಜೆಗೆ ಮೇಡಂ ಬರ್ತಾರೆ. ನಾನೇ ಹೇಳ್ತೇನೆ, ನನ್ನ ತಪ್ಪು ಅಂತ ಹೇಳ್ತೇನೆ. ನಿಮಗೆ ಫೋನ್ ಮಾಡ್ತೇನೆ. ದೇವರಾಣೆ."

"ಇವತ್ತ ಹೇಳ್ರಿ, ಯಪ್ಪಾ. ನಾಳೆ ಮುಂಜಾನೆ ಟೆಂಪೊ ಬರತೈತಿ. ನನ್ನ ಮಗಳು ಅದರಾಗ ಹತ್ತಬಾರದು. ನಿಮಗೂ ಹೆಣ್ಮಕ್ಕಳದಾರ ಅಲ್ರಿ?"

"ಉಂಟು ಅಮ್ಮ. ಹೇಳ್ತೇನೆ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಬರೀ ನೀರಿನಿಂದ ತೊಳೆದು, ಸೆರಗಿನಿಂದ ಒರೆಸಿ, ಬೋರಲು ಹಾಕಿ ಹೋದಳು. ತಟ್ಟೆಯಲ್ಲಿ ಊಟ ಅರ್ಧ ಉಳಿದಿತ್ತು.

ಸಂಜೆ ಮೇಡಂ ಅಡುಗೆಮನೆಗೆ ಬಂದರು. ನಾನು ಕಪಾಟಿನ ಮೇಲಿದ್ದೆ. ವಿಲ್ಫ್ರೆಡ್ ಕೈ ಒರೆಸಿಕೊಂಡು ಅವರ ಮುಂದೆ ಹೋಗಿ ನಿಂತ. ಬಾಯಿ ತೆರೆದ. ಮೇಡಂ ಗೋಡೆಯ ಹಾಳೆಯನ್ನು ಓದುತ್ತಿದ್ದರು. ಬೆರಳು ಒಂದೊಂದೇ ಸಾಲು ಇಳಿದು, ನನ್ನ ಹೆಸರಿನ ಮುಂದಿನ ಎರಡು ಸಹಿಗಳ ಮೇಲೆ ಹಾದು ಹೋಯಿತು.

"ನೀವು ಇಷ್ಟು ಜಾಗ್ರತೆಯಿಂದ ತೊಳೆದರೂ ಬಿಡ್ತಿದೆ ಅಂದ್ರೆ ದೋಷ ಕಲ್ಲಿನದೇ ಅಂತ ಇವತ್ತು ಗೊತ್ತಾಯ್ತು. ಇಲ್ಲದಿದ್ದರೆ ಅರವತ್ತು ತರಿಸಿಬಿಡ್ತಿದ್ದೆ," ಎಂದರು. "ಏನೋ ಹೇಳ್ಬೇಕು ಅಂತಿದ್ರಿ?"

ಹೇಳು ಎಂದು ನಾನು ಕೂಗಿದೆ. ಕಲ್ಲಿನ ಕೂಗು ಕಲ್ಲೊಳಗೇ ಉಳಿಯಿತು.

"ಎಂತದೂ ಇಲ್ಲ ಮೇಡಂ. ನಾಳೆಯ ಮೀನಿನ ವಿಷಯ," ಎಂದ ವಿಲ್ಫ್ರೆಡ್.

ಆ ಸಂಜೆ ಅವನ ಫೋನು ಮೂರು ಸಲ ಬಡಿದುಕೊಂಡಿತು. ಪ್ರತಿ ಸಲವೂ ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು, ಅದು ನಿಲ್ಲುವ ತನಕ ನೋಡಿದ. ಸೋಮವಾರ ಬೆಳಿಗ್ಗೆ ಒಂದು ಸಲ ಬಡಿಯಿತು. ಆಮೇಲೆ ಬಡಿಯಲಿಲ್ಲ.

ಮುಂದಿನ ಹನ್ನೊಂದು ದಿನ ಅವನು ಯಾರಿಗೂ ಹೇಳದೆ ನನ್ನನ್ನು ತೊಳೆದ. ಬರೀ ಬಿಸಿನೀರು, ದಿನಕ್ಕೊಂದು ಹಿಡಿ ಅಕ್ಕಿ. ನೊರೆ ಕಡಿಮೆಯಾಗುತ್ತ ಬಂತು. ಹನ್ನೆರಡನೆಯ ದಿನ ಬರಲಿಲ್ಲ. ಅಂದು ಒಂದು ಬೆಣ್ಣೆಹಣ್ಣು ಅರೆದು ತಿಂದು ನೋಡಿದ. ನನ್ನೊಳಗಿನ ಗುಳಿಗಳು ಮೆಣಸಿನ ಖಾರವನ್ನೂ ಕೊತ್ತಂಬರಿಯ ಪರಿಮಳವನ್ನೂ ಹೇಗೆ ಬಿಡಿಸಿ ಕೊಟ್ಟವೆಂಬುದು ಅವನ ಮುಖದಲ್ಲಿ ಕಂಡಿತು. ಅಂಥ ಚಟ್ನಿಯನ್ನು ಅವನು ತನ್ನ ಜೀವಮಾನದಲ್ಲಿ ಮಾಡಿರಲಿಲ್ಲ. ಎರಡನೆಯ ತುತ್ತು ತಿನ್ನದೆ ಉಳಿದದ್ದನ್ನು ಚೆಲ್ಲಿದ. ಅದೇ ವಾರ ಹೊರದೇಶದಿಂದ ಅಚ್ಚಿನಲ್ಲಿ ಎರಕ ಹೊಯ್ದ ಒಳ್ಳುಗಳು ಬಂದವು. ನೋಡಲು ನನ್ನಂತೆಯೇ ಇದ್ದವು. ಗುಳಿಗಳು ಮೇಲೆ ಮಾತ್ರ ಇದ್ದವು, ಒಳಗೆ ಏನೂ ಇರಲಿಲ್ಲ. ಅವು ಏನನ್ನೂ ಕುಡಿಯುತ್ತಿರಲಿಲ್ಲ.

ಏಳು ವರ್ಷ ನಾನು ಅಡುಗೆಮನೆಯ ಕೆಲಸದವರ ಊಟಕ್ಕೆ ಚಟ್ನಿ ಅರೆದೆ. ಎಲ್ಲರೂ ಬೆರಳು ಚೀಪುತ್ತ ತಿಂದರು, ವಿಲ್ಫ್ರೆಡ್ ಒಬ್ಬನನ್ನು ಬಿಟ್ಟು. ಆಮೇಲೆ ಹೋಟೆಲು ಬೇರೆಯವರ ಕೈಗೆ ಹೋಯಿತು. ಅವನು ಕೆಲಸ ಬಿಟ್ಟು ಊರಿಗೆ ಹೊರಟಾಗ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದ. ಕಡಲಿಗೆ ಹತ್ತಿರದ ಮನೆ. ಅವನ ಹೆಂಡತಿ ಲೀನಾಬಾಯಿ ನನ್ನಲ್ಲಿ ಬಂಗುಡೆಯ ಸಾರಿಗೆ ಮೆಣಸು ಅರೆಯುತ್ತಿದ್ದಳು. ಒಂದು ದಿನ ಅವಳು ಹೇಳಿದಳು: "ಈ ಕಲ್ಲು ನುಣ್ಣಗಾಗಿದೆ ಮಾರಾಯ್ರೆ. ಮೆಣಸು ಜಾರ್ತದೆ, ಅರೆಯುವುದಿಲ್ಲ. ಉಳಿ ಹಾಕಿಸಬೇಕು."

ನನ್ನಂಥ ಗುಳಿಯ ಕಲ್ಲೇ ಇರಲಿ, ಕೆಲವು ವರ್ಷಕ್ಕೊಮ್ಮೆ ಉಳಿಯ ಏಟು ಬಿದ್ದು ಒರಟಾಗಬೇಕು. ಕರಾವಳಿಯಲ್ಲಿ ಆ ಕೆಲಸದವರು ಸಿಗಲಿಲ್ಲ. ವಿಲ್ಫ್ರೆಡ್ ಎರಡು ದಿನ ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದ. ಮೂರನೆಯ ಬೆಳಿಗ್ಗೆ ಹಳೆಯ ನಂಬರು ಹುಡುಕಿ ಒತ್ತಿದ. ಅಡುಗೆಮನೆಗಳ ಫ್ಯಾನಿನ ಅಬ್ಬರಕ್ಕೆ ಅವನ ಕಿವಿ ಮಂದವಾಗಿತ್ತು, ಹಾಗಾಗಿ ಫೋನಿನ ದನಿ ಜೋರಾಗಿ ಹೊರಗೆ ಕೇಳುವಂತೆ ಇಟ್ಟಿದ್ದ.

"ಯಾರ್ರಿ?" ಎಂದಿತು ಒಂದು ಹೆಣ್ಣುದನಿ.

"ದ್ಯಾಮವ್ವ ಅಮ್ಮ ಇದ್ದಾರಾ? ಬೆಂಗಳೂರಿನ ಹೋಟೆಲಿನ ವಿಲ್ಫ್ರೆಡ್."

ಆ ಕಡೆಯಿಂದ ಕೆಮ್ಮು. ಎರಡು ಚಿಕ್ಕವು, ನಂತರ ಒಳಗೆ ಏನೋ ಹರಿದಂತೆ ಒಂದು ಉದ್ದನೆಯ ಎಳೆತ.

ಬೇವಿನ ಮರದ ಕೆಳಗೆ ನನ್ನ ಹುಟ್ಟಿನ ದಿನ ಕೇಳಿದ ಅದೇ ಕೆಮ್ಮು. ದನಿ ಮಾತ್ರ ಲಸಮವ್ವನದು.

"ಅವ್ವ ಹ್ವಾದ ವರ್ಷ ತೀರಿಕೊಂಡ್ಲರಿ. ನಾ ಮಗಳು. ಕ್ರಷರ್‌ನಿಂದ ಮನ್ನೆ ಊರಿಗೆ ಬಂದೀನಿ, ಆರಾಮಿಲ್ಲ."

ವಿಲ್ಫ್ರೆಡ್ ಒಂದು ಕೈಯಿಂದ ನನ್ನ ಅಂಚನ್ನು ಹಿಡಿದುಕೊಂಡ. "ಅವತ್ತು ಕಲ್ಲಿನ ತಪ್ಪಲ್ಲಮ್ಮ," ಎಂದ. "ನಾನು ಅದನ್ನು ಸೋಪಿನ ನೀರಲ್ಲಿ ಒಂದು ದಿನ ನೆನೆಸಿಟ್ಟಿದ್ದೆ. ಮೇಡಂಗೆ ಹೇಳ್ತೇನೆ ಅಂದವನು ಹೇಳಲಿಲ್ಲ. ಹೆದರಿದೆ."

"ಗೊತ್ತೈತ್ರಿ," ಎಂದಳು ಲಸಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಉಸಿರೂ ಇರಲಿಲ್ಲ. "ಅವ್ವ ಅವತ್ತ ಹೇಳಿದ್ಲು. ಟೆಂಪೊ ಬಂದು ನಿಂತಿತ್ತು. ಅಕಿ ಅದರ ಮುಂದ ಫೋನ್ ಹಿಡಕೊಂಡು ನಿಂತಿದ್ಲು. ಆ ಸಾಹೇಬ ಆಣಿ ಮಾಡ್ಯಾನ, ಮಾಡೇ ಮಾಡ್ತಾನ, ಇನ್ನೊಂದೀಟು ತಡೀರಿ ಅಂತ ಡ್ರೈವರ್‌ಗ ಕೈ ಮುಗೀತಿದ್ಲು. ಅಂವ ಎಷ್ಟೊತ್ತಂತ ತಡದಾನ್ರಿ."

ಮತ್ತೆ ಕೆಮ್ಮು.

"ಈಗ್ಯಾಕ ಫೋನ್ ಮಾಡಿದ್ರಿ? ಕಲ್ಲು ಸವದೈತೇನು?"

"ಹೌದು," ಎಂದ ವಿಲ್ಫ್ರೆಡ್.

"ಉಳಿ ಹಾಕಾವ್ರು ನಮ್ಮ ಓಣ್ಯಾಗ ಈಗ ಯಾರೂ ಇಲ್ರಿ. ನನ್ನ ಕೈಯಾಗ ಶಕ್ತಿ ಇಲ್ಲ. ಫೋನ್ ಇಡ್ಲ್ಯಾ?"

ಆ ದಿನದಿಂದ ಲೀನಾಬಾಯಿ ಮಿಕ್ಸರು ಬಳಸುತ್ತಾಳೆ. ನಾನು ಹಿತ್ತಲ ಬಾವಿಕಟ್ಟೆಯ ಪಕ್ಕದಲ್ಲಿದ್ದೇನೆ. ನನ್ನ ಬಾಯಿ ನುಣುಪಾಗಿದೆ, ಮೂರು ಕಾಲುಗಳು ಇನ್ನೂ ಅಲುಗದೆ ನಿಂತಿವೆ. ಕಾಗೆಗಳು ಕುಡಿಯಲೆಂದು ವಿಲ್ಫ್ರೆಡ್ ದಿನಾ ಬೆಳಿಗ್ಗೆ ನನ್ನಲ್ಲಿ ನೀರು ತುಂಬುತ್ತಾನೆ. ಒಣಗಿದ ಗುಳಿಗಳಿಗೆ ನೀರು ಇಳಿದಾಗ ಒಳಗಿನ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಅದು ಬರೀ ಗಾಳಿ, ಸಾಬೂನಿನ ನೊರೆಯಲ್ಲ. ಕಲ್ಲಿನ ಬಗ್ಗೆ ಅಷ್ಟು ತಿಳಿದ ಮೇಲೆ ಅವನಿಗೂ ಅದು ಗೊತ್ತು.

ಆದರೂ ಅವನು ನಿಂತು, ಮಂಡಿಯ ಮೇಲೆ ಕೈಯೂರಿ ಬಗ್ಗಿ, ಗುಳ್ಳೆಗಳೆಲ್ಲ ಒಡೆಯುವ ತನಕ ನೋಡುತ್ತಾನೆ. ಆಮೇಲೆ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಾನೆ.